ಹದಿನೇಳರಲ್ಲಿ ಒಂದು ಎಲ್ಲಿ ಹೋಯ್ತು?

ಮುರಿದ ಕಬ್ಬಿಣವನ್ನ ತೊಳೆದು ತರೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಇಪ್ಪತ್ತಮೂರು ವರ್ಷದಿಂದ ನಾನು ಮಾಡ್ತಿರೋದು ಒಂದೇ ಕೆಲಸ. ಕಾರ್ಖಾನೆಗಳಲ್ಲಿ ಏನಾದರೂ ಮುರೀತು, ಸೀಳಿತು, ಬಿರುಕು ಬಿಡ್ತು ಅಂದ್ರೆ ಆ ತುಂಡು ನಮ್ಮ ಲ್ಯಾಬಿಗೆ ಬರುತ್ತೆ. ಯಾಕೆ ಮುರೀತು ಅಂತ ನಾವು ಹೇಳಬೇಕು. ಮುರಿದ ಮುಖದ ಮೇಲೆ ಎಲ್ಲಾ ಬರೆದಿರುತ್ತೆ. ಬಿರುಕು ಎಲ್ಲಿ ಹುಟ್ಟಿತು, ಎಷ್ಟು ದಿನ ಯಾರಿಗೂ ಗೊತ್ತಾಗದ ಹಾಗೆ ಬೆಳೀತು, ಕೊನೆಗೆ ಎಲ್ಲಿ ಪಟ್ ಅಂತು, ಎಲ್ಲಾ. ಆ ಬರಹ ಕೂದಲೆಳೆಗಿಂತ ಸಣ್ಣದು, ಬೆರಳು ಸವರಿದರೂ ಹಾಳು. ಅದಕ್ಕೇ ಬಾಗಿಲಲ್ಲೇ ದೊಡ್ಡ ಅಕ್ಷರದ ಬೋರ್ಡು ಹಾಕ್ಸಿದ್ದೀನಿ: ತೊಳೀಬೇಡಿ, ಉಜ್ಜಬೇಡಿ, ಎರಡು ತುಂಡು ಸೇರಿಸಿ ನೋಡಬೇಡಿ. ಏನು ಬಂತು ಭಾಗ್ಯ? ಬರೋರೆಲ್ಲ ಆ ಬೋರ್ಡಿನ ಕೆಳಗೇ ನಿಂತು, "ನೋಡಿ ಮೇಡಂ, ಹೀಗಿತ್ತು, ಹೀಗೆ ಮುರೀತು" ಅಂತ ಎರಡನ್ನೂ ಕಟಕಟ ಜೋಡಿಸಿ ತೋರಿಸ್ತಾರೆ. ಆಗ ನಾನು ಕೂಗೋ ಕೂಗಿಗೆ ಪಕ್ಕದ ಕೋಣೆಯ ತಕ್ಕಡಿ ಮುಳ್ಳು ಅಲ್ಲಾಡುತ್ತೆ ಅಂತ ಲ್ಯಾಬಿನವರು ಆಡ್ಕೋತಾರೆ. ನನಗೆ ಬಿರುಕಮ್ಮ ಅಂತ ಹೆಸರಿಟ್ಟಿರೋದೂ ಅವರೇ. ಇಟ್ಕೊಳ್ಳಲಿ, ನನಗೇನು.

ಅಂಥಾ ಬಾಗಿಲಿಗೆ ಒಂದು ಸೋಮವಾರ ಬೆಳಿಗ್ಗೆ ನನ್ನ ಚಿಕ್ಕಪ್ಪ ಬಂದ. ಜೊತೆಗೆ ಅವನ ಕಾರ್ಖಾನೆಯ ಡ್ರೈವರ್ರು. ಚಿಕ್ಕಪ್ಪನ ಕಂಕುಳಲ್ಲಿ ಒಂದು ಟವೆಲ್ಲಿನ ಗಂಟು. ಗಾಜಿನ ಕಿಟಕಿಯ ಈಚೆ ನನ್ನನ್ನ ಕಂಡಿದ್ದೇ, "ಪುಟ್ಟೀ!" ಅಂತ ಕರೆದ. ನಲವತ್ತಾರು ವರ್ಷದ ನನ್ನನ್ನ, ನನ್ನ ಕೈಕೆಳಗಿನವರು ಐದು ಜನ ಸುತ್ತ ನಿಂತಿರುವಾಗ.

"ಚಿಕ್ಕಪ್ಪ, ಇಲ್ಲಿ ಪುಟ್ಟಿ ಗಿಟ್ಟಿ ಅನ್ನಬೇಡ ಅಂತ ಎಷ್ಟು ಸಲ ಹೇಳೋದು?"

"ಆಯ್ತು ಮೇಡಂ ಅವರೇ," ಅಂದು ಗಂಟು ಬಿಚ್ಚಿದ. ಬೆರಳು ದಪ್ಪದ ಉಕ್ಕಿನ ಎರಡು ತುಂಡು. ಮುರಿದ ಮುಖಗಳು ಎರಡೂ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೀತಿದ್ವು.

ನನಗೆ ಜೀವವೇ ಹಾರಿಹೋಯ್ತು. "ಏನು ಮಾಡಿದೆ ಇದಕ್ಕೆ?"

"ಏನಿಲ್ಲ ಕಣೇ. ಮಣ್ಣು, ತುಕ್ಕು, ಕಾಂಕ್ರೀಟು ಎಲ್ಲಾ ಮೆತ್ಕೊಂಡಿತ್ತು. ತಂತಿ ಬ್ರಶ್ಶು ಹಾಕಿ, ಆಮೇಲೆ ಎಮರಿ ಕಾಗದದಲ್ಲಿ ಉಜ್ಜಿದೆ. ಎರಡು ಗಂಟೆ ಹಿಡೀತು. ನಿನ್ನ ಲ್ಯಾಬಿಗೆ ಹೊಲಸು ಹೊಲಸಾಗಿ ತರೋಕಾಗುತ್ತಾ? ನಾಲ್ಕು ಜನ ಏನಂದಾರು?"

ನಾನು ಕೂಗಿದೆ. ಏನೇನು ಕೂಗಿದೆ ಅಂತ ಇಲ್ಲಿ ಬರೆಯಲ್ಲ, ನನಗೇ ನಾಚಿಕೆ. ಅಪ್ಪ ಹೋದಾಗ ನನಗೆ ಆರು ವರ್ಷ, ಇವನಿಗೆ ಹದಿನೆಂಟು. ಮೀಸೆ ಕೂಡ ಸರಿಯಾಗಿ ಬರದ ಹುಡುಗ ಅವತ್ತಿಂದ ನನ್ನನ್ನೂ ಅಮ್ಮನನ್ನೂ ಹೊತ್ತುಕೊಂಡು ನಿಂತ. ನನ್ನ ಜಡೆ ಹೆಣೆಯೋದು ಕಲಿತ. ನನ್ನನ್ನ ತಲೆ ಮೇಲೆ ಕೂರಿಸ್ಕೊಂಡು ಕೆಡಿಸಿದವನೂ ಅವನೇ, ಅದಕ್ಕೇ ನನಗೆ ಈ ಬಾಯಿ. ಅಂಥವನನ್ನ ಡ್ರೈವರ್ ಎದುರಿಗೆ ಹಿಗ್ಗಾಮುಗ್ಗಾ ಬೈದೆ. ಅವನು ಟವೆಲ್ಲು ಮಡಚ್ತಾ ನಿಂತಿದ್ದ. ನಾನು ಉಸಿರು ತಗೊಳ್ಳೋಕೆ ನಿಲ್ಲಿಸಿದಾಗ ಮೆಲ್ಲಗೆ, "ಇದು ನನ್ನ ಬೆಸುಗೆ ಕಣೇ ಪುಟ್ಟಿ. ನನ್ನದೇ ಮುರಿದಿದ್ದು," ಅಂದ.

ಒಳಗೆ ಕರೆದು ಕೂರಿಸಿ ಟೀ ಕೊಟ್ಟೆ.

ವಿಷಯ ಇಷ್ಟು. ಚಿಕ್ಕಪ್ಪನ ಕಾರ್ಖಾನೆಯಲ್ಲಿ ಕಾಂಕ್ರೀಟ್ ತೊಟ್ಟಿ ಮಾಡ್ತಾರೆ. ಎತ್ತರದ ಕಟ್ಟಡಗಳಿಗೆ ಕ್ರೇನು ಕಲಸಿದ ಕಾಂಕ್ರೀಟನ್ನ ಒಯ್ಯೋ ದೊಡ್ಡ ಕಬ್ಬಿಣದ ತೊಟ್ಟಿ. ಅದರ ಎರಡು ಪಕ್ಕ ಒಂದೊಂದು ದಪ್ಪ ಪಟ್ಟಿ ಬೆಸೆದಿರುತ್ತೆ, ಕೊಕ್ಕೆ ಸಿಗಿಸೋಕೆ ನಡುವೆ ತೂತು. ಕೆಲಸದವರು ಅದನ್ನ ಕಿವಿ ಅಂತಾರೆ. ಹಿಂದಿನ ವಾರ ಒಂದು ಕಡೆ ತೊಟ್ಟಿ ಆಳೆತ್ತರ ಏರಿದ್ದಾಗ ಒಂದು ಕಿವಿ ಕಿತ್ತುಬಂದು, ತೊಟ್ಟಿ ವಾಲಿ ಕೆಳಗೆ ಬಿತ್ತು. ಮೇಸ್ತ್ರಿಯ ಸೈಕಲ್ಲು ಅಪ್ಪಚ್ಚಿ. ಮೇಸ್ತ್ರಿ ಅದೇ ತಾನೇ ಅದರಿಂದ ಇಳಿದು ಬೀಡಿ ಹಚ್ಚೋಕೆ ಪಕ್ಕಕ್ಕೆ ಹೋಗಿದ್ದನಂತೆ. ಕಿವಿ ಮುರಿದದ್ದು ಬೆಸುಗೆಗಿಂತ ಅರ್ಧ ಬೆರಳು ಮೇಲೆ. ಬೆಸುಗೆ ಹಾಕುವಾಗ ಕೈ ನಿಧಾನವಾಗಿ ಓಡಿದರೆ ಕಾವು ಜಾಸ್ತಿಯಾಗಿ ಪಕ್ಕದ ಉಕ್ಕು ಕೆಡುತ್ತೆ, ಪೆಡಸಾಗಿ ಮುರಿಯುತ್ತೆ. ಅದೇ ಆಗಿರಬೇಕು, ಮುದುಕನ ಕೈ ಹೋಯ್ತು ಅಂತ ಫೋರ್‌ಮನ್ ಹೇಳಿದ್ದಾನೆ. ಲ್ಯಾಬಿನ ವರದಿ ಬರೋವರೆಗೆ ಚಿಕ್ಕಪ್ಪ ಬೆಸುಗೆ ಮುಟ್ಟಬಾರದು. ಈಗ ಅವನಿಗೆ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸೋ ಕೆಲಸ.

"ಅವನು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ," ಅಂದ ಚಿಕ್ಕಪ್ಪ. ಎರಡೂ ಕೈಯನ್ನ ಮೇಜಿನ ಮೇಲೆ ಇಟ್ಟು ತಾನೇ ನೋಡ್ಕೊಂಡ. "ಅವನು ಹೇಳಿದ್ದು ನಿಜ ಇರಬಹುದು. ಬೆಳಿಗ್ಗೆ ಎದ್ದಾಗ ಬೆರಳು ಸ್ವಲ್ಪ ಮರಗಟ್ಟಿರುತ್ತೆ. ನಿನ್ನ ಚಿಕ್ಕಮ್ಮನಿಗೂ ಹೇಳಿಲ್ಲ. ನೀನು ನೋಡಿ ಹೇಳು ಪುಟ್ಟಿ, ನನ್ನ ಕೈ ಹೋಗಿದೆಯಾ? ಹೋಗಿದ್ದರೆ ಹೋಗಿದೆ ಅನ್ನು. ನಾನು ಬಿಟ್ಟುಬಿಡ್ತೀನಿ. ಆದರೆ ಸುಳ್ಳು ಹೇಳಬೇಡ."

ಎಂಥಾ ಮನುಷ್ಯ! ಉತ್ತರ ಬರೆದಿದ್ದ ಹಾಳೆಯನ್ನ ತಾನೇ ಎರಡು ಗಂಟೆ ಕೂತು ಉಜ್ಜಿ ಅಳಿಸಿ, ಟವೆಲ್ಲಿನಲ್ಲಿ ಸುತ್ತಿ ತಂದು, ಓದಿ ಹೇಳು ಅಂತ ಕೂತಿದ್ದಾನೆ.

ನಮ್ಮ ಲ್ಯಾಬಿನಲ್ಲಿ ಸಂಬಂಧಿಕರ ಕೇಸಿಗೆ ಸಂಬಂಧಿಕರು ಸಹಿ ಹಾಕೋ ಹಾಗಿಲ್ಲ. ಹಾಗಾಗಿ ಅದು ಗುಮಾನಿ ಸಾಹೇಬರ ಹೆಸರಿಗೆ ಹೋಯ್ತು. ಅವರು ನನ್ನ ಸಹೋದ್ಯೋಗಿ, ಹದಿನೈದು ವರ್ಷದಿಂದ ನನ್ನ ಎದುರು ಮೇಜು. ಹಾಲಿನ ಪಾಕೀಟಿನ ಮೇಲೆ ಬರೆದ ತಾರೀಖನ್ನೂ ನಂಬದ ಆಸಾಮಿ, ಅದಕ್ಕೇ ಲ್ಯಾಬಿನಲ್ಲಿ ಆ ಹೆಸರು. ನಾನು ಅಳೆದದ್ದನ್ನ ಅವರು ಮತ್ತೆ ಅಳೀತಾರೆ, ಅವರು ಅಳೆದದ್ದನ್ನ ಊಟ ಆದಮೇಲೆ ತಾವೇ ಮತ್ತೆ ಅಳೀತಾರೆ. ನಮ್ಮ ಮೇಲಿನವರು, "ಅಮ್ಮ, ನೀನು ಕೆಲಸ ಮಾಡು, ಅವರು ನೋಡಲಿ, ಸಹಿ ಅವರದ್ದು," ಅಂದು ಕೈ ತೊಳ್ಕೊಂಡರು.

ಗುಮಾನಿ ಸಾಹೇಬರು ಆ ತುಂಡುಗಳನ್ನ ತಿರುಗಿಸಿ ತಿರುಗಿಸಿ ನೋಡಿ, ಮೊದಲನೇ ಸಾಲು ಬರೆದರು: 'ಮುರಿದ ಮುಖಗಳನ್ನು ಲ್ಯಾಬಿಗೆ ತರುವ ಮುನ್ನವೇ ಉಜ್ಜಲಾಗಿದೆ.'

"ಅದನ್ನ ಬರೀಲೇಬೇಕಾ?" ಅಂದೆ.

"ಬರೀಬೇಕು."

"ಬರೆದರೆ ಏನರ್ಥ ಬರುತ್ತೆ ಗೊತ್ತಾ? ತಪ್ಪು ಮುಚ್ಚೋಕೆ ಬೇಕಂತಲೇ ಉಜ್ಜಿದ ಅಂತ."

"ಬೇಕಂತ ಉಜ್ಜಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ನಾನು ಪೆನ್ನು ಎಸೆದೆ. ಅವರಿಗೆ ತಾಗಲಿಲ್ಲ, ಕ್ಯಾಲೆಂಡರಿಗೆ ತಾಗಿತು. ಅವರು ಎದ್ದು ಪೆನ್ನು ಎತ್ತಿ ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಚಿಕ್ಕಪ್ಪನ ವಿಷಯ ಅಂತ ನನಗೂ ಗೊತ್ತು. ಆದರೆ ನಾಳೆ ಆ ಫೋರ್‌ಮನ್ ಇದನ್ನ ಓದಿ, ಉಜ್ಜಿದ್ದನ್ನ ಯಾಕೆ ಬರೆದಿಲ್ಲ ಅಂದರೆ, ಉಳಿದ ಹತ್ತು ಸಾಲನ್ನೂ ಯಾರೂ ನಂಬಲ್ಲ," ಅಂದರು. ಮಾತು ಸರಿಯಾಗೇ ಇತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಅವತ್ತು ಸಂಜೆ ಕೆಲಸ ಮುಗಿಸಿ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ನನ್ನ ತೋಳು ಹಿಡಿದು ಒಳಗೆ ನೋಡು ಅಂತ ಕಣ್ಸನ್ನೆ ಮಾಡಿದಳು. ಕಿಟಕಿ ಹತ್ತಿರ ಕುರ್ಚಿ ಹಾಕ್ಕೊಂಡು ಚಿಕ್ಕಪ್ಪ ಸೂಜಿಗೆ ದಾರ ಪೋಣಿಸ್ತಾ ಕೂತಿದ್ದ. ಪೋಣಿಸೋದು, ಗಡಿಯಾರ ನೋಡೋದು, ದಾರ ಎಳೆದು ಹಾಕೋದು, ಮತ್ತೆ ಪೋಣಿಸೋದು.

"ಬುಧವಾರದಿಂದ ಇದೇ ಆಟ," ಅಂದಳು ಚಿಕ್ಕಮ್ಮ ಪಿಸುಮಾತಲ್ಲಿ. "ನಾನು ಒಂದು ಗುಂಡಿ ಹೊಲೀಬೇಕು ಅಂದರೆ ಸೂಜಿ ಕೊಡಲ್ಲ ಅಂತಾರೆ. ಕೇಳಿದರೆ, ನಿನ್ನ ಕೆಲಸ ನೀನು ನೋಡ್ಕೊ ಅಂತಾರೆ. ಕಾರ್ಖಾನೇಲಿ ಏನಾಯ್ತೇ?"

ಒಳಗೆ ಹೋಗಿ, "ಏನು ಚಿಕ್ಕಪ್ಪ, ಟೈಲರ್ ಅಂಗಡಿ ಇಡ್ತೀಯಾ?" ಅಂತ ರೇಗಿಸಿದೆ. ಅವನು ನಕ್ಕ. ಆಮೇಲೆ ಆ ಮೊದಲನೇ ಸಾಲಿನ ವಿಷಯ ಹೇಳಿದೆ, ಗುಮಾನಿ ಸಾಹೇಬರನ್ನ ಬಾಯಿ ತುಂಬಾ ಬೈದೆ. ಅವನು ಪೂರ್ತಿ ಕೇಳಿ, "ಬರೀಲಿ ಬಿಡೇ. ಉಜ್ಜಿದ್ದು ಹೌದಲ್ಲ," ಅಂದ. ಅಷ್ಟೇ. ಮತ್ತೆ ಸೂಜಿ ಎತ್ಕೊಂಡ.

ಮರುದಿನ ಕೆಲಸಕ್ಕೆ ಕೈ ಹಾಕಿದೆ. ಬೆಸುಗೆ ಇದ್ದ ಕೆಳಗಿನ ತುಂಡನ್ನ ಅಡ್ಡಕ್ಕೆ ಕೊಯ್ದು, ಕನ್ನಡಿಯಾಗೋ ತನಕ ನುಣುಪು ಮಾಡಿ, ಮೇಲೆ ಒಂದೆರಡು ಹನಿ ಆಸಿಡ್ ಹಾಕಿದರೆ ಬೆಸುಗೆಯ ಒಳಗಿನ ಪದರಗಳು ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡೋ ಮೊದಲು ನಾನು ಅದರ ಮಸೂರವನ್ನ ಎರಡೆರಡು ಸಲ ಒರೆಸಿದೆ. ಕೈ ಹೋಗಿದ್ದರೆ ಅದು ಇಲ್ಲೇ ಕಾಣಬೇಕು. ಕಂಡರೆ ನಾನೇ ಹೋಗಿ ಅವನಿಗೆ ಹೇಳಬೇಕು.

ಪದರದ ಮೇಲೆ ಪದರ, ಬಟ್ಟೆ ಅಂಗಡಿಯವರು ಮಡಿಸಿಟ್ಟ ಹಾಗೆ. ಒಂದು ಗುಳ್ಳೆ ಇಲ್ಲ, ಒಂದು ಕಸ ಇಲ್ಲ. ಪಕ್ಕದ ಉಕ್ಕಿಗೆ ಕಾವು ಎಷ್ಟು ತಗಲಬೇಕೋ ಅಷ್ಟೇ ತಗಲಿತ್ತು. ವಜ್ರದ ಮೊನೆಯಿಂದ ಒತ್ತಿ ಗಡಸುತನ ಅಳೆದೆ, ಎಲ್ಲೂ ಪೆಡಸಾಗಿರಲಿಲ್ಲ. ಗುಮಾನಿ ಸಾಹೇಬರು ಹದಿನಾರು ಕಡೆ ಮತ್ತೆ ಒತ್ತಿ ಅಳೆದರು. ಅಳೆದು, ಕನ್ನಡಕ ತೆಗೆದು, "ಯಾರು ಸ್ವಾಮಿ ಈ ಬೆಸುಗೆ ಹಾಕಿದ್ದು?" ಅಂದರು. ಹದಿನೈದು ವರ್ಷದಲ್ಲಿ ಅವರು ಏನನ್ನಾದರೂ ಹೊಗಳಿದ್ದನ್ನ ನಾನು ಅವತ್ತೇ ಕೇಳಿದ್ದು. ನನಗೆ ಕುಣಿಯೋದೊಂದು ಬಾಕಿ.

"ಹಾಗಾದರೆ ಸಹಿ ಹಾಕಿ," ಅಂದೆ.

"ಹೇಗೆ ಹಾಕಲಿ? ಬೆಸುಗೆ ಸರಿ ಇದೆ, ಕಿವಿ ಮಾತ್ರ ತನ್ನಷ್ಟಕ್ಕೆ ತಾನೇ ಬೇಜಾರಾಗಿ ಮುರೀತು ಅಂತ ಬರೆಯಲಾ? ಕಾರಣ ಬೇಕು. ಕಾರಣ ಇಲ್ಲದೆ ಕಳಿಸಿದರೆ, ಅಣ್ಣನ ಮಗಳು ಚಿಕ್ಕಪ್ಪನನ್ನ ಉಳಿಸಿದಳು ಅಂತಾರೆ."

ಕಾರಣ ಆ ಮುರಿದ ಮುಖದ ಮೇಲಿತ್ತು. ಈಗ ಅಲ್ಲಿ ಎಮರಿ ಕಾಗದದ ಗೆರೆ ಬಿಟ್ಟರೆ ಬೇರೆ ಏನೂ ಇಲ್ಲ. ಎರಡು ದಿನ ನಾನು ಆ ಗೆರೆಗಳನ್ನೇ ನೋಡಿದೆ. ಅಷ್ಟು ಚೊಕ್ಕವಾಗಿ ಉಜ್ಜಿದ್ದ ಪುಣ್ಯಾತ್ಮ, ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ಮೂರನೇ ದಿನ ವರದಿಗೆ ಆ ತುಂಡುಗಳ ಚಿತ್ರ ಬರೀತಿದ್ದೆ. ಫೋಟೋ ಇದ್ದರೂ ಕೈಯಿಂದ ಒಂದು ಚಿತ್ರ ಬರೀಬೇಕು ಅನ್ನೋದು ನಮ್ಮ ಪದ್ಧತಿ. ಬರೆಯುವಾಗ ಕಣ್ಣು ನೋಡದ್ದನ್ನ ಕೈ ನೋಡುತ್ತೆ. ತೂತು ಬರೆದೆ, ಬೆಸುಗೆ ಬರೆದೆ, ಬೆಸುಗೆಯ ಮೇಲ್ಗಡೆ ಚಿಕ್ಕಪ್ಪನ ಗುರುತು ಬರೆದೆ: 17. ಅವನ ಕಾರ್ಖಾನೆಯಲ್ಲಿ ಪ್ರತಿಯೊಬ್ಬ ವೆಲ್ಡರಿಗೂ ಒಂದು ನಂಬರು. ಬೆಸುಗೆ ಮುಗಿದಮೇಲೆ ಅದರ ಪಕ್ಕ ಉಳಿಯಂಥ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದು ನಂಬರು ಮೂಡಿಸ್ತಾರೆ, ಯಾರು ಹಾಕಿದ್ದು ಅಂತ ಗೊತ್ತಾಗೋಕೆ. ಚಿಕ್ಕಪ್ಪ ಮೂವತ್ತೊಂದು ವರ್ಷದಿಂದ ಹದಿನೇಳು. ಎಲ್ಲರೂ ನೆಟ್ಟಗೆ ಹೊಡೆದರೆ ಇವನು ಅಡ್ಡ ಮಲಗಿಸಿ ಹೊಡೀತಾನೆ. ಒಂದು ಮೇಲೆ, ಏಳು ಕೆಳಗೆ. ದೂರದಿಂದಲೇ ತನ್ನದು ಅಂತ ಗೊತ್ತಾಗಬೇಕಂತೆ. ಅದೂ ಎಂಥಾ ಹೊಡೆತ! ಮೂರು ಸಲ ಬಣ್ಣ ಬಳಿದರೂ ನಂಬರು ಮುಚ್ಚಿಹೋಗಬಾರದು ಅಂತ ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿ ಹೊಡೀತಾನೆ.

ಗುಮಾನಿ ಸಾಹೇಬರು ಹಿಂದಿನಿಂದ ಬಂದು ನನ್ನ ಚಿತ್ರ ನೋಡಿದರು. ತುಂಡು ನೋಡಿದರು. ಮತ್ತೆ ಚಿತ್ರ ನೋಡಿದರು.

"ಇದೇನು, ಹದಿನೇಳು ಅಂತ ಬರೆದಿದ್ದೀರಿ?"

"ಹದಿನೇಳೇ. ನನಗೆ ಗೊತ್ತಿಲ್ವಾ?"

"ಇಲ್ಲಿ ಬರೀ ಏಳು ಇದೆ."

ನೋಡಿದೆ. ಹೌದು, ಬರೀ ಏಳು. ನಾನು ಕಣ್ಣಿಂದ ನೋಡಿ ಬರೆದಿರಲಿಲ್ಲ, ನನ್ನ ಚಿಕ್ಕಪ್ಪ ಹದಿನೇಳು ಅಂತ ಬರೆದಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇಂಥ ತಪ್ಪು ಮಾಡಿದ್ದರೆ ಅವರ ಕಿವಿ ಹಿಂಡ್ತಿದ್ದೆ.

"ಒಂದು ಎಲ್ಲಿ ಹೋಯ್ತು?" ಅಂದರು ಗುಮಾನಿ ಸಾಹೇಬರು.

ಇಬ್ಬರೂ ಒಂದೇ ಸಲ ಮಸೂರಕ್ಕೆ ಕೈ ಹಾಕಿದೆವು. ಮೇಲಿನ ತುಂಡಿನ ಮೈಮೇಲೆ ಒಂದು ಇಲ್ಲ. ಕೆಳಗಿನ ತುಂಡಿನಲ್ಲೂ ಇಲ್ಲ. ಅಂಚಿಗೆ ಬಂದರೆ, ಕೆಳಗಿನ ತುಂಡಿನ ಮುರಿದ ಅಂಚು ಅಕ್ಕಿಕಾಳಿನಷ್ಟು ಉದ್ದಕ್ಕೆ ಓರೆಯಾಗಿ ಇಳಿದಿತ್ತು. ಮೇಲಿನ ತುಂಡಿನ ಅಂಚು ಅದೇ ಜಾಗದಲ್ಲಿ ಅಷ್ಟೇ ಓರೆ. ಅಡ್ಡ ಮಲಗಿದ ಒಂದರ ಗೆರೆ ಸೀಳಿ, ಅರ್ಧ ಆ ಕಡೆ ಅರ್ಧ ಈ ಕಡೆ ಹೋಗಿತ್ತು. ಕಿವಿ ಮುರಿದದ್ದು ಸರಿಯಾಗಿ ಆ ಗೆರೆಯ ಮೇಲೇ.

ನಾನು ಕುರ್ಚಿಯ ಮೇಲೆ ಕೂತೆ. "ಬೇಡ," ಅಂದೆ ಗಟ್ಟಿಯಾಗಿ. ಯಾರಿಗೆ ಅಂದೆನೋ ಗೊತ್ತಿಲ್ಲ.

"ಬರೀ ಗುಮಾನಿ. ಸಾಬೀತಾಗಬೇಕು," ಅಂದರು ಅವರು. ಅದೇ ಮೊದಲ ಸಲ ಆ ಮಾತು ನನಗೆ ಹಿತವಾಗಿ ಕೇಳಿಸಿತು.

ಅದೇ ತೊಟ್ಟಿಯ ಇನ್ನೊಂದು ಕಿವಿ ಮುರಿದಿರಲಿಲ್ಲ. ಅದನ್ನ ಕೊಯ್ದು ಕಳಿಸಿ, ದಯವಿಟ್ಟು ಯಾರೂ ಉಜ್ಜಬೇಡಿ ಅಂತ ಫೋರ್‌ಮನ್‌ಗೆ ಫೋನು ಮಾಡಿದೆ. ಮಾರನೇ ದಿನ ಬಂತು, ಮೈತುಂಬಾ ಕೊಳೆ. ಅಷ್ಟು ಚಂದದ ಕೊಳೆಯನ್ನ ನಾನು ನೋಡೇ ಇರಲಿಲ್ಲ. ಬಣ್ಣ ಕರಗಿಸಿ ತೆಗೆದಾಗ ಅಡ್ಡ ಮಲಗಿದ ಹದಿನೇಳು ಪೂರ್ತಿಯಾಗಿ ಕಂಡಿತು. ಒಂದರ ಗೆರೆಯ ತಳದಲ್ಲಿ ಒಂದು ಸಣ್ಣ ಕಪ್ಪು ಎಳೆ. ಆ ಭಾಗವನ್ನ ಕೊಯ್ದು, ಹೊಗೆಯಾಡೋ, ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರೋ ದ್ರವ ಸಾರಜನಕದಲ್ಲಿ ಮುಳುಗಿಸಿ, ಉಕ್ಕು ಗಾಜಿನಂತೆ ಪೆಡಸಾದ ಮೇಲೆ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಬಿರುಕು ತೆರಕೊಂಡಿತು. ಹೊಸದಾಗಿ ಒಡೆದ ಜಾಗ ಬೆಳ್ಳಗೆ, ಹಳೇ ಬಿರುಕಿನ ಜಾಗ ಕಂದು. ಆ ಕಂದು ಜಾಗದಲ್ಲಿ ಒಂದರ ಸುತ್ತ ಅರ್ಧಚಂದ್ರದ ಹಾಗೆ ಬಳೆ ಬಳೆ ಗೆರೆಗಳು. ಕ್ರೇನು ಸಾವಿರಾರು ಸಲ ಎತ್ತಿ ಇಳಿಸಿದ್ದಕ್ಕೆ ಬಿರುಕು ಒಂದೊಂದೇ ಹೆಜ್ಜೆ ಮುಂದೆ ಹೋದ ಗುರುತು. ಎಲ್ಲಾ ಬಳೆಗಳೂ ಆ ಒಂದರ ತಳದಿಂದಲೇ ಹೊರಟಿದ್ದವು. ಅಷ್ಟು ಜೋರಾಗಿ ಅಚ್ಚು ಇಳಿದು ಉಕ್ಕಿನ ಮೈಯಲ್ಲಿ ಗಾಯವಾಗಿ, ಅದು ಎಳೆತಕ್ಕೆ ಅಡ್ಡವಾಗಿ ಮಲಗಿದ್ದರಿಂದ ಅಲ್ಲೇ ಬಾಯಿ ಬಿಟ್ಟಿತ್ತು. ನೆಟ್ಟಗೆ ಹೊಡೆದಿದ್ದರೆ ಬಹುಶಃ ಏನೂ ಆಗ್ತಿರಲಿಲ್ಲ.

ಗುಮಾನಿ ಸಾಹೇಬರು ವರದಿ ಬರೆದರು. ಬೆಸುಗೆಯಲ್ಲಿ ಯಾವ ದೋಷವೂ ಇಲ್ಲ. ಮೇಲ್ಮೈಯಲ್ಲಿದ್ದ ಆಳವಾದ ಗುರುತಿನಿಂದ ಬಿರುಕು ಹುಟ್ಟಿದೆ. ಸಹಿ ಹಾಕಿ, ಹಾಳೆಯನ್ನ ನನ್ನ ಕೈಗೆ ಕೊಡುತ್ತಾ, "ಯಾರ ಗುರುತು ಅಂತ ಬರೆದಿಲ್ಲ. ಬೇಕಂತ ಅಲ್ಲ, ವರದಿಯಲ್ಲಿ ಹೆಸರು ಬರೆಯೋ ಪದ್ಧತಿ ಇಲ್ಲ," ಅಂದರು. ಬೇಕಂತಲೇ ಅಂತ ನನಗೆ ಗೊತ್ತಾಯ್ತು. ಅವರ ಮೇಲೆ ಎಸೆದ ಪೆನ್ನುಗಳಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಂದು ಸಂಜೆಯೇ ಚಿಕ್ಕಪ್ಪನ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಬೆಸುಗೆ ಸರಿ ಇದೆ, ನಿನ್ನ ಕೈ ಸರಿ ಇದೆ, ಅಷ್ಟು ಹೇಳಿ ಬಂದರೆ ಸಾಕಲ್ಲ. ಉಳಿದದ್ದನ್ನ ಹೊಟ್ಟೆಯಲ್ಲಿಟ್ಟುಕೊಂಡರೆ ನನ್ನ ಗಂಟೇನು ಹೋಗುತ್ತೆ?

ಅವನು ವರದಿಯನ್ನ ತೋಳುದ್ದ ದೂರ ಹಿಡಿದು ಓದಿದ. 'ಯಾವ ದೋಷವೂ ಇಲ್ಲ' ಅನ್ನೋ ಸಾಲನ್ನ ಮೂರು ಸಲ ಓದಿದ. ಚಿಕ್ಕಮ್ಮನನ್ನ ಕರೆದು ಓದಿಸಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನಾದರೂ ನನ್ನ ಸೂಜಿ ಕೊಡಿ," ಅಂದಳು. ಆಮೇಲೆ ಅವನು ಕೊನೆಯ ಸಾಲಿಗೆ ಬಂದ.

"ಗುರುತು ಅಂದರೆ ಏನೇ? ಯಾವ ಗುರುತು?"

"ಏನೋ ಒಂದು... ಮೇಲಿಂದ ಏನೋ ತಾಗಿರುತ್ತೆ."

"ಪುಟ್ಟಿ, ಸುಳ್ಳು ಹೇಳಬೇಡ ಅಂದಿದ್ದೆ."

ಹೇಳಿದೆ. ಕಾಗದದ ಮೇಲೆ ಕಿವಿ ಬರೆದು, ಅಡ್ಡ ಮಲಗಿದ ಒಂದು ಬರೆದು, ಬಳೆಗಳನ್ನ ಬರೆದು ತೋರಿಸಿದೆ. "ಯಾರಿಗೂ ಗೊತ್ತಿರಲಿಲ್ಲ ಚಿಕ್ಕಪ್ಪ, ನಂಬರು ಹೊಡಿ ಅಂತ ಹೇಳಿದ್ದು ಕಾರ್ಖಾನೆಯವರೇ," ಅಂತ ಏನೇನೋ ಒದರ್ತಿದ್ದೆ. ಅವನು ಕೇಳ್ತಾ ಇರಲಿಲ್ಲ, ಬೆರಳು ಮಡಚಿ ಎಣಿಸ್ತಿದ್ದ.

"ಹನ್ನೊಂದು," ಅಂದ. "ಹೊರಗಡೆ ಓಡಾಡ್ತಿರೋ ನನ್ನ ತೊಟ್ಟಿ ಹನ್ನೊಂದು. ಎಲ್ಲದಕ್ಕೂ ಹಾಗೇ ಹೊಡೆದಿದ್ದೀನಿ. ಫೋನು ಕೊಡು."

ಫೋರ್‌ಮನ್‌ಗೆ ಅವನೇ ಫೋನು ಮಾಡಿದ. ಹದಿನೇಳು ಅಂತಿರೋ ಯಾವ ತೊಟ್ಟಿಯನ್ನೂ ಎತ್ತಬೇಡಿ, ಈಗಲೇ, ಈ ನಿಮಿಷ. ಆ ಕಡೆಯಿಂದ ಏನೋ ಗೊಣಗಾಟ ಕೇಳಿಸಿತು. "ವರದಿಯಲ್ಲಿ ಬರೆದಿಲ್ಲ ಅಂದರೆ ಏನಾಯ್ತು, ನಾನು ಹೇಳ್ತಿದ್ದೀನಿ. ಹೊಡೆದವನು ನಾನೇ," ಅಂದ ಚಿಕ್ಕಪ್ಪ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ವ್ಯಾನಿನಲ್ಲಿ ಚಿಕ್ಕಪ್ಪ, ನಾನು, ಫೋರ್‌ಮನ್ ಹೊರಟೆವು. ಗುಮಾನಿ ಸಾಹೇಬರು ರಜೆ ಹಾಕಿ, ನೀವು ಸರಿಯಾಗಿ ನೋಡ್ತೀರೋ ಇಲ್ಲವೋ ಅಂತ ತಾವೂ ಹತ್ತಿ ಕೂತರು. ನನ್ನ ಚೀಲದಲ್ಲಿ ಬಿರುಕು ಹಿಡಿಯೋ ಕೆಂಪು ಬಣ್ಣ. ಬಣ್ಣ ಬಳಿದು, ಒರೆಸಿ, ಮೇಲೆ ಬಿಳೀ ಪುಡಿಯ ದ್ರವ ಚಿಮುಕಿಸಿ ಹತ್ತು ನಿಮಿಷ ಕಾಯಬೇಕು. ಬಿರುಕು ಇದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದುಬರುತ್ತೆ. ಬರದಿದ್ದರೆ ಚಿಕ್ಕಪ್ಪ ಗರಗರ ತಿರುಗೋ ಸಾಣೆಕಲ್ಲಿನ ಯಂತ್ರ ಹಿಡಿದು ತನ್ನ ನಂಬರನ್ನ ಸವೆಸಿ ನುಣುಪು ಮಾಡೋದು, ಮುಂದಿನದಕ್ಕೆ ಹೋಗೋದು. ಮೂವತ್ತೊಂದು ವರ್ಷ ಯಾರೂ ಅಳಿಸಬಾರದು ಅಂತ ಹೊಡೆದದ್ದನ್ನ ಕಿಡಿ ಹಾರಿಸ್ತಾ ತಾನೇ ಅಳಿಸ್ತಿದ್ದ. ನಾನು ಮುಖ ತಿರುಗಿಸಿ ನಿಂತುಕೊಳ್ತಿದ್ದೆ, ನೋಡೋಕಾಗ್ತಿರಲಿಲ್ಲ.

ನಾಲ್ಕು ತೊಟ್ಟಿ ಶುದ್ಧವಾಗಿದ್ದವು. ಐದನೆಯದು ಒಂದು ಅರ್ಧ ಎದ್ದ ಕಟ್ಟಡದ ಅಂಗಳದಲ್ಲಿ ಕ್ರೇನಿನ ಕೆಳಗೆ ನಿಂತಿತ್ತು. ಅದರ ನೆರಳಲ್ಲಿ ಇಟ್ಟಿಗೆ ಹೊರೋ ಇಬ್ಬರು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವರನ್ನ ಏಳಿಸಿ ಬಣ್ಣ ಬಳಿದೆ. ಬಿಳೀ ಚಿಮುಕಿಸಿ ಎರಡು ನಿಮಿಷ ಆಗಿರಲಿಲ್ಲ, ಒಂದರ ಗೆರೆಯಿಂದ ಕೆಂಪು ಒಸರಿತು, ಗೆರೆಯ ಎರಡೂ ತುದಿ ದಾಟಿ ಬೆಳೀತು. ಅವತ್ತೇ ಬೆಳಿಗ್ಗೆ ಅದನ್ನ ಎತ್ತಬೇಕಾಗಿತ್ತಂತೆ.

ಚಿಕ್ಕಪ್ಪ ಆ ಕೆಂಪು ನೋಡಿದ. ಆ ಹೆಂಗಸರನ್ನ ನೋಡಿದ. ಮರಳಿನ ರಾಶಿಯ ಮೇಲೆ ಕುಸಿದು ಕೂತು, ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತ. ನನ್ನ ಅಪ್ಪ ಹೋದಾಗಲೂ ಅವನು ನನ್ನ ಮುಂದೆ ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವನ ತಲೆಯನ್ನ ನನ್ನ ಭುಜಕ್ಕೆ ಒತ್ತಿಕೊಂಡೆ. ಫೋರ್‌ಮನ್ ಅತ್ತಿತ್ತ ನೋಡಿ, "ಬೇರೆ ವೆಲ್ಡರ್‌ನ ಕರೆಸ್ತೀನಿ, ಹೊಸ ಕಿವಿ ಅವನೇ ಹಾಕಲಿ," ಅಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ಪಾಪ.

"ಹೂಂ, ಅವನೇ ಹಾಕಲಿ," ಅಂದ ಚಿಕ್ಕಪ್ಪ. "ನನಗೆ ಕೈ ನಡುಗ್ತಿದೆ."

ಆಗ ನನ್ನ ಸಿಟ್ಟು ಎಲ್ಲಿತ್ತೋ ಬಂತು. "ಏನಂದೆ? ಹದಿನಾರು ಕಡೆ ಒತ್ತಿ ನೋಡಿದ್ದಾರೆ ಈ ಮನುಷ್ಯ, ಹೆತ್ತ ತಾಯಿಯನ್ನೂ ನಂಬದವರು! ಒಂದು ತಪ್ಪು ಸಿಗಲಿಲ್ಲ ಅವರಿಗೆ. ಸುಳ್ಳು ಹೇಳಬೇಡ ಅಂದೆ, ಹೇಳಿಲ್ಲ. ಇವತ್ತು ಇದನ್ನ ನೀನು ಹಾಕದಿದ್ದರೆ ನಾಳೆ ಬೆಸುಗೆಯನ್ನೇ ಮುಟ್ಟಲ್ಲ, ನಿನ್ನನ್ನ ನಾನು ಬಲ್ಲೆ. ಏಳು!"

"ತಾಯಿಯನ್ನ ನಂಬ್ತೀನಿ," ಅಂದರು ಗುಮಾನಿ ಸಾಹೇಬರು.

ಚಿಕ್ಕಪ್ಪ ಮುಖ ಒರೆಸಿಕೊಂಡ. ಆ ಮಾತಿಗೆ ಅವನಿಗೆ ಸಣ್ಣ ನಗು ಬಂತು. ಎದ್ದ.

ಹಳೇ ಕಿವಿ ಕೊಯ್ದು ಹೊಸದನ್ನ ನಿಲ್ಲಿಸಿ ಅವನು ಮುಖವಾಡ ಇಳಿಸಿಕೊಂಡ. ಮೊದಲ ಕ್ಷಣ ಕೈ ನಡುಗಿದ್ದು ನನಗೆ ಕಂಡಿತು. ಕಿಡಿ ಹತ್ತಿದ ಮೇಲೆ ನಡುಗಲಿಲ್ಲ. ಒಂದು ಪದರ, ಕೆರೆದು ಚೊಕ್ಕ ಮಾಡಿ ಇನ್ನೊಂದು, ಮತ್ತೊಂದು. ಕ್ರೇನಿನವನು ಕೂಡ ಇಳಿದು ಬಂದು ನೋಡ್ತಾ ನಿಂತ. ಮುಗಿದ ಮೇಲೆ ಅದು ಪೂರ್ತಿ ಆರೋವರೆಗೆ ಕಾದು, ನಾನು ಕೆಂಪು ಬಳಿದೆ, ಒರೆಸಿದೆ, ಬಿಳೀ ಚಿಮುಕಿಸಿದೆ. ಗುಮಾನಿ ಸಾಹೇಬರು ಗಡಿಯಾರ ಹಿಡಿದು, "ಹತ್ತು ನಿಮಿಷ," ಅಂದರು.

ಚಿಕ್ಕಪ್ಪನಿಗೆ ನೋಡೋ ಧೈರ್ಯ ಇಲ್ಲ. ನೆಲದ ಮೇಲೆ ಕೂತು, ತೊಟ್ಟಿಗೆ ಬೆನ್ನು ಹಾಕಿ, ನನ್ನ ಕೈ ಹಿಡ್ಕೊಂಡ. ನಾನು ಅವನ ಪಕ್ಕ ಕುಕ್ಕುರುಗಾಲಲ್ಲಿ, ಕಣ್ಣು ಆ ಬಿಳಿಯ ಮೇಲೆ.

"ಬಂತಾ?"

"ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇಲ್ಲ ಚಿಕ್ಕಪ್ಪ. ಏನೂ ಇಲ್ಲ."

ಅವನ ಅಂಗೈ ಕಲ್ಲಿನಷ್ಟು ಒರಟು, ಬಿಸಿ. ಈ ಕೈಯನ್ನ ನಾನು ಕೊನೆಗೆ ಯಾವಾಗ ಹಿಡಿದಿದ್ದೆ ಅಂತ ನೆನಪೇ ಆಗಲಿಲ್ಲ. ಬಹುಶಃ ಶಾಲೆಗೆ ಹೋಗುವಾಗ. ಬಿಳಿ ಬಿಳಿಯಾಗೇ ಇತ್ತು. ಗುಮಾನಿ ಸಾಹೇಬರು ಗಡಿಯಾರ ನೋಡಿ ಬಾಯಿ ತೆರೆದರು, ನಮ್ಮಿಬ್ಬರನ್ನ ನೋಡಿದರು, ಗಡಿಯಾರವನ್ನ ಜೇಬಿಗೆ ಹಾಕಿಕೊಂಡು ಕ್ರೇನಿನವನ ಜೊತೆ ಏನೋ ಮಾತಾಡ್ತಾ ಆ ಕಡೆ ಹೋದರು.

"ಹತ್ತು ನಿಮಿಷ ಆಯ್ತೇನೇ ಪುಟ್ಟಿ?"

ಆಗಿ ಐದು ನಿಮಿಷದ ಮೇಲಾಗಿತ್ತು.

"ಇನ್ನೂ ಇಲ್ಲ," ಅಂದೆ. "ಕೂತಿರು."